ಮೂಡಲ ಬಾಗಿಲಿನ ದಾಖಲೆ

ಅಪ್ಪ ತೀರಿಕೊಂಡ ಮೇಲೆ ಊರಮನೆಯನ್ನು ಮಾರುವುದೆಂದು ಮಕ್ಕಳೆಲ್ಲ ಒಪ್ಪಿದೆವು. ಕೊಳ್ಳುವವರೂ ಬಂದರು. ಅವರ ವಕೀಲರು ಕಾಗದದ ಕಟ್ಟು ತಿರುವಿ ಹಾಕಿ ಕೇಳಿದ್ದು ಒಂದೇ ಮಾತು: “ಪಂಚಾಯ್ತಿ ರಿಜಿಸ್ಟರಿನಾಗ ನಿಮ್ಮ ತಂದಿ ಹೆಸರದ, ಖರೆ. ಆದರ ಮನಿ ನಿಮ್ಮ ಅಜ್ಜನ ಕೈಗೆ ಹ್ಯಾಂಗ ಬಂತು?” ಉತ್ತರವೆಂದು ನಾವು ಮುಂದಿಟ್ಟದ್ದು ಅಪ್ಪನ ಟ್ರಂಕಿನ ತಳದಲ್ಲಿದ್ದ, ಮಡಿಕೆಗಳಲ್ಲಿ ಹರಿದಿದ್ದ ಒಂದು ಉರ್ದು ಪತ್ರ. ಮನೆಯಲ್ಲಿ ಎಲ್ಲರೂ ಅದನ್ನು ‘ಖರೀದಿ ಕಾಗದ’ ಎನ್ನುತ್ತಿದ್ದರು. ಅದನ್ನು ಓದಿದವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ.

ಮನೆ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಕಾಗಿಣಾ ನದಿಗೆ ಹತ್ತಿರದ ಊರೊಂದರಲ್ಲಿ. ಇದು ಶಹಾಬಾದ್ ಕಲ್ಲಿನ ಸೀಮೆ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಈ ಸುಣ್ಣಕಲ್ಲು ನೆಲದಡಿಯಲ್ಲಿ ಪದರ ಪದರವಾಗಿ, ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿದೆ. ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಿಲೆಗಳ ವಿವರಣೆ ಇದೆ. ಪದರದ ಸಂದಿಗೆ ಉಕ್ಕಿನ ಬೆಣೆ ಹೊಡೆದರೆ ಹಾಸುಗಲ್ಲು ತಾನಾಗಿ ಬಿಟ್ಟುಕೊಳ್ಳುತ್ತದೆ, ಗರಗಸ ಬೇಕಿಲ್ಲ. ಸನ್ನತಿಯ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಫಲಕಗಳು ಇದೇ ಸುಣ್ಣಕಲ್ಲಿನವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಗೋಡೆಯೂ ಇದರದೇ. ಹಾಗಾಗಿ ಇಲ್ಲಿ ಕಲ್ಲಿನ ಮನೆ ಎಂದರೆ ಯಾರೂ ಬೆರಗಾಗುವುದಿಲ್ಲ.

ನಮ್ಮ ಮನೆ ಮಾತ್ರ ಆ ಊರಿಗೂ ಸ್ವಲ್ಪ ವಿಚಿತ್ರವೇ. ಅದರಲ್ಲಿ ಎಲ್ಲಿ ಹುಡುಕಿದರೂ ಒಂದು ಇಟ್ಟಿಗೆ ಸಿಗುವುದಿಲ್ಲ. ಎರಡು ಮೊಳ ದಪ್ಪದ ಗೋಡೆ ಕಲ್ಲಿನದು. ನಡುವಿನ ತಡಿಕೆಗೋಡೆಗಳು ಅಂಚಿನ ಮೇಲೆ ನಿಲ್ಲಿಸಿದ ಒಂದೊಂದೇ ಹಾಸುಗಲ್ಲಿನವು, ನಮ್ಮ ಕಡೆಯ ಮಾತಿನಲ್ಲಿ ‘ಪರ್ಸಿ’. ಕಪಾಟಿನ ಹಲಗೆ, ಮಾಳಿಗೆಗೆ ಹತ್ತುವ ಮೆಟ್ಟಿಲು, ನೀರಿನ ದೋಣಿ, ಮಳೆನೀರು ಹೊರಹಾಕುವ ತೂಬು ಎಲ್ಲವೂ ಕಲ್ಲೇ. ಮಾಳಿಗೆಗೂ ಸಾಗವಾನಿಯ ತೊಲೆ, ಜಂತಿಗಳ ಮೇಲೆ ಪರ್ಸಿ ಹಾಸಿ ಅದರ ಮೇಲೆ ಮಣ್ಣು ಹಾಕಿದ್ದಾರೆ. ಎರಡಿಂಚಿನ ಪರ್ಸಿ ಚದರಡಿಗೆ ಸುಮಾರು 12 ಕಿಲೋ ತೂಗುತ್ತದೆ. ಆ ಭಾರ ತಲೆಯ ಮೇಲೆ ಹೊತ್ತ ಜಂತಿಗಳನ್ನು ಮಲಗಿದಲ್ಲಿಂದಲೇ ಎಣಿಸುತ್ತ ನಾವು ಬೆಳೆದೆವು.

ಹೊಲದ ಹಕ್ಕಿನ ಚರಿತ್ರೆ ಬೇಕೆಂದರೆ ಪಹಣಿ ಇದೆ. ನಮ್ಮದರಂತೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆಗಳಿಗೆ 1954-55ರ ಖಾಸ್ರಾ ಪಹಣಿ ಇದೆ. ಆದರೆ ಗಾವಠಾಣದೊಳಗಿನ ಮನೆಗೆ ಪಹಣಿ ಹುಟ್ಟುವುದೇ ಇಲ್ಲ. ಅದರ ಲೆಕ್ಕ ಪಂಚಾಯ್ತಿಯ ಮನೆಪಟ್ಟಿಯಲ್ಲಿ, ಈಗ ಇ-ಸ್ವತ್ತಿನ ನಮೂನೆ 9 ಮತ್ತು 11ರಲ್ಲಿ. ಇವು ತೆರಿಗೆ ಕಟ್ಟುವವರ ಹೆಸರು ಹೇಳುತ್ತವೆ, ಹಕ್ಕು ಹುಟ್ಟಿದ ಬಗೆಯನ್ನಲ್ಲ. ಋಣಭಾರ ಪತ್ರದಿಂದಲೂ ನಮಗೆ ಉಪಯೋಗವಾಗಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನ ವ್ಯವಹಾರ. ಅದಕ್ಕೂ ಹಿಂದಿನದು ಬೇಕಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ ಕೈಬರಹದ ಸಂಪುಟಗಳನ್ನು ಹುಡುಕಿಸಬೇಕು. ಹುಡುಕಿಸಲು ವರ್ಷ ಗೊತ್ತಿರಬೇಕು. ವರ್ಷ ಇದ್ದದ್ದು ಆ ಉರ್ದು ಪತ್ರದೊಳಗೆ.

ಪತ್ರವನ್ನು ಓದಿಕೊಟ್ಟವರು ಕಲಬುರಗಿಯ ಒಬ್ಬ ನಿವೃತ್ತ ಉರ್ದು ಮಾಸ್ತರು. ದಸ್ತಾವೇಜಿನ ಉರ್ದು ಶಾಲೆಯ ಪುಸ್ತಕದ ಉರ್ದುವಲ್ಲ. ಅಕ್ಷರಗಳನ್ನು ಒಂದಕ್ಕೊಂದು ಎಳೆದು ಬರೆಯುವ ಶಿಕಸ್ತಾ ಲಿಪಿ, ಚುಕ್ಕೆಗಳು ಅರ್ಧ ಮಾಯ. ಮೊತ್ತವನ್ನು ಅಂಕಿಯಲ್ಲಿ ಬರೆಯುವ ಬದಲು ‘ರಖಂ’ ಎಂಬ ಲೆಕ್ಕಿಗರ ಗುರುತುಗಳಲ್ಲಿ ಬರೆದಿರುತ್ತಾರೆ. ಯಾರೂ ತಿದ್ದಬಾರದೆಂದು ಆ ಮೊತ್ತದ ಅರ್ಧ ಎಷ್ಟು ಎಂಬುದನ್ನೂ ಪಕ್ಕದಲ್ಲೇ ಬರೆಯುವುದು ರೂಢಿ. ನಮ್ಮ ಪತ್ರದಲ್ಲಿದ್ದದ್ದು 350 ರೂಪಾಯಿ, ಅದರ ಅರ್ಧ 175. ರೂಪಾಯಿಯೂ ಬ್ರಿಟಿಷ್ ಇಂಡಿಯಾದ ಕಲ್ದಾರ್ ಅಲ್ಲ, ನಿಜಾಮನ ಉಸ್ಮಾನಿಯಾ ಸಿಕ್ಕಾ, ಜನರ ಬಾಯಲ್ಲಿ ‘ಹಾಲಿ’. ಏಳು ಹಾಲಿಗೆ ಆರು ಕಲ್ದಾರ್ ಎಂಬ ವಿನಿಮಯದಲ್ಲಿ ಅದು 300 ಕಲ್ದಾರ್ ರೂಪಾಯಿ.

ತಾರೀಖು ಖುರ್ದಾದ್ ತಿಂಗಳು, 1348 ಫಸಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ ಎಂಬ ಸೂತ್ರ ಹಳ್ಳಿಯ ಶಾನುಭೋಗಿಕೆ ಬಲ್ಲವರಿಗೆಲ್ಲ ಗೊತ್ತು. ಆದರೆ ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ಎಂಬ ತಿಂಗಳಿಂದ ಶುರುವಾಗುತ್ತಿತ್ತು. ಡಿಸೆಂಬರ್ ಮುಗಿಯುವವರೆಗೆ 590, ಜನವರಿಯಿಂದಾಚೆಗೆ 591 ಕೂಡಿಸಬೇಕು. ಖುರ್ದಾದ್ ಬರುವುದು ಏಪ್ರಿಲ್ ಹೊತ್ತಿಗೆ. ಅಂದರೆ ಪತ್ರ 1939ರದು. ರಿಜಿಸ್ಟರ್ ಹುಡುಕಿಸುವವರಿಗೆ ಒಂದು ವರ್ಷದ ವ್ಯತ್ಯಾಸವೆಂದರೆ ಒಂದು ಸಂಪುಟದ ವ್ಯತ್ಯಾಸ.

ಮಾಸ್ತರು ನಡುವಿನ ಸಾಲುಗಳಿಗೆ ಬಂದಾಗ ಕನ್ನಡಕ ತೆಗೆದಿಟ್ಟರು. “ನೋಡ್ರಿ ತಂಗಿ, ಇದು ಬೈನಾಮಾ ಅಲ್ಲ. ರೆಹನ್‌ನಾಮಾ ಅದ.” ಮನೆ ಮಾರಿದ ಪತ್ರವಲ್ಲ, ಅಡವಿಟ್ಟ ಪತ್ರ. ಸಾಲ ಪಡೆದವರು ಬಡ್ಡಿಯ ಬದಲಿಗೆ ಮನೆಯ ಕಬ್ಜಾ ಅಜ್ಜನಿಗೆ ಬಿಟ್ಟುಕೊಟ್ಟಿದ್ದರು. 350 ಹಾಲಿ ಹಿಂದಕ್ಕೆ ಕೊಟ್ಟ ದಿನ ಮನೆ ತಿರುಗಿ ಅವರದು. ಅವಧಿ ಬರೆದಿರಲಿಲ್ಲ.

ಎಂಬತ್ತು ವರ್ಷ ದಾಟಿದ ಅಡವಿಗೆ ಈಗ ಯಾರು ಬರುತ್ತಾರೆ ಎಂದು ತಳ್ಳಿಹಾಕುವಂತಿರಲಿಲ್ಲ. ಕಬ್ಜಾ ಕೊಟ್ಟು ಇಟ್ಟ ಅಡವಿನಲ್ಲಿ ಬಿಡಿಸಿಕೊಳ್ಳುವ 30 ವರ್ಷದ ಗಡುವು ಪತ್ರದ ದಿನದಿಂದ ಓಡತೊಡಗುವುದಿಲ್ಲ, ಸಾಲ ತೀರಿದಾಗಲೇ ಅದು ಶುರುವಾಗುತ್ತದೆ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2014ರಲ್ಲಿ, ಸಿಂಗ್ ರಾಮ್ ಪ್ರಕರಣದಲ್ಲಿ ಹೇಳಿದೆ. ಎಷ್ಟೇ ತಲೆಮಾರು ವಾಸವಿದ್ದರೂ ಅಡವು ಹಿಡಿದವರು ಬರೀ ಕಾಲ ಕಳೆದದ್ದರಿಂದ ಮಾಲೀಕರಾಗುವುದಿಲ್ಲ. ಹೀಗಾಗಿ ಮಾರಲು ಹೊರಟ ಮನೆ ನಮ್ಮದೇ ಹೌದೋ ಅಲ್ಲವೋ ಎಂಬುದು ಇನ್ನೊಂದು ಪತ್ರ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿತು.

ಸುಳಿವು ಸಿಕ್ಕಿದ್ದು ಅಪ್ಪನ ಮನೆಪಟ್ಟಿ ರಸೀದಿಗಳಲ್ಲಿ. ಅಪ್ಪ ಯಾವ ಚೀಟಿಯನ್ನೂ ಬಿಸಾಡಿದವರಲ್ಲ. ಅಜ್ಜ ಕಟ್ಟಿದ ತೆರಿಗೆಯ ರಸೀದಿಗಳು 1951ರವರೆಗೆ ಸಾಲಗಾರ ಮನೆತನದ ಹೆಸರಿನಲ್ಲಿವೆ, 1952ರಿಂದ ಅಜ್ಜನ ಹೆಸರಿನಲ್ಲಿ. ಹೆಸರು ಸುಮ್ಮನೆ ಬದಲಾಗುವುದಿಲ್ಲ. ಆ ಎರಡು ವರ್ಷಗಳ ಸೂಚಿಯನ್ನೇ ನೋಡಬೇಕೆಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟೆ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. 1908ರ ನೋಂದಣಿ ಕಾಯಿದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿ ದಸ್ತಾವೇಜುಗಳ ಒಂದನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಸೂಚಿಗಳು ಎರಡು. ಒಂದು ಹೆಸರಿನ ಮೇಲೆ, ಇನ್ನೊಂದು ಊರು ಮತ್ತು ಆಸ್ತಿಯ ಮೇಲೆ. ಹೆಸರಿನ ಸೂಚಿಯಲ್ಲಿ ಅಜ್ಜ ಸಿಗಲಿಲ್ಲ. ನಮ್ಮ ಕಡೆಯ ಹೆಸರುಗಳನ್ನು ಉರ್ದುವಿನಲ್ಲಿ ಬರೆಯುವಾಗ ಒಬ್ಬೊಬ್ಬ ಗುಮಾಸ್ತನದು ಒಂದೊಂದು ಬಗೆ. ಊರಿನ ಸೂಚಿ ಹಿಡಿದು ಹೋದಾಗ ಮಾಸ್ತರ ಬೆರಳು ಒಂದು ಸಾಲಿನ ಮೇಲೆ ನಿಂತಿತು. 1951ರ ಬೈನಾಮಾ. ಹೈದರಾಬಾದ್ ಭಾರತಕ್ಕೆ ಸೇರಿ ಮೂರು ವರ್ಷವಾಗಿತ್ತು, ತಾರೀಖು ಇಸವಿಗೆ ಬದಲಾಗಿತ್ತು, ಬರಹ ಮಾತ್ರ ಇನ್ನೂ ಉರ್ದು. ಹಿಂದಿನ ರೆಹನ್ ಮೊತ್ತವನ್ನು ಬೆಲೆಯಲ್ಲಿ ವಜಾ ಮಾಡಿ, ಉಳಿದ ಹಣವನ್ನು ರೊಕ್ಕವಾಗಿ ಪಡೆದು, ಮನೆಯನ್ನು ಕಾಯಂ ಆಗಿ ಬಿಟ್ಟುಕೊಟ್ಟಿದ್ದೇವೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮನೆಯಲ್ಲಿ ಕಾಪಾಡಿಕೊಂಡು ಬಂದದ್ದು ಅಡವಿನ ಕಾಗದ. ಹಕ್ಕು ಕೊಟ್ಟ ಕಾಗದ ಎಪ್ಪತ್ತು ವರ್ಷ ಸರ್ಕಾರಿ ಕಪಾಟಿನಲ್ಲಿತ್ತು.

ವಕೀಲರು ನಕಲನ್ನೂ ಕನ್ನಡ ಅನುವಾದವನ್ನೂ ಓದಿ ಹೊಸ ತಕರಾರು ತೆಗೆದರು. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಹೊಂದುವುದಿಲ್ಲ. ಬೈನಾಮಾದ ಪ್ರಕಾರ ಮನೆಯ ಬಾಗಿಲು ಮೂಡಲಕ್ಕೆ, ಬಾಗಿಲ ಮುಂದೆ ಗಲ್ಲಿ. ಈಗಿನ ಮನೆಯ ಬಾಗಿಲು ಬಡಗಲಕ್ಕೆ, ದೊಡ್ಡ ರಸ್ತೆಗೆ. ಮೂಡಲಕ್ಕೆ ಗಲ್ಲಿಯೇ ಇಲ್ಲ, ನೆರೆಯವರ ದನದ ಕೊಟ್ಟಿಗೆ. “ಈ ಪತ್ರ ಬ್ಯಾರೆ ಮನಿದು ಇರಬಹುದು” ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು.

ಅಷ್ಟರಲ್ಲಿ ಮನೆಯ ದುರಸ್ತಿ ನಡೆದಿತ್ತು. ಅದನ್ನು ಹಿಡಿದದ್ದು ಬೇರೆ ಕಾರಣಕ್ಕೆ. ಗೋಡೆಗಳು ಒಳಗಿಂದ ಬೆವರುತ್ತಿದ್ದವು, ಕಲ್ಲಿನ ಮೈ ಹಕ್ಕಳೆಯಾಗಿ ಉದುರುತ್ತಿತ್ತು. ಯಾವುದೋ ಕಾಲಕ್ಕೆ ಒಳಗೂ ಹೊರಗೂ ಬಳಿದ ಸಿಮೆಂಟ್ ಗಿಲಾವು ಅದಕ್ಕೆ ಕಾರಣ. ಸುಣ್ಣದ ಗಚ್ಚಿನಿಂದ ಕಟ್ಟಿದ ಗೋಡೆ ನೆಲದ ಪಸೆಯನ್ನು ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ಒಳಗೇ ನಿಂತ ನೀರಿನಲ್ಲಿ ಕರಗಿದ ಲವಣ ಒಣಗುವಾಗ ಹರಳುಗಟ್ಟಿ ಕಲ್ಲಿನ ಪದರವನ್ನೇ ಎಬ್ಬಿಸುತ್ತದೆ. ವಿಪರ್ಯಾಸವೆಂದರೆ ಸಿಮೆಂಟೂ ಈ ನೆಲದ ಕಲ್ಲಿನದೇ. 1936ರಲ್ಲಿ ಎ.ಸಿ.ಸಿ. ಹುಟ್ಟಿದಾಗ ಅದರಲ್ಲಿ ಸೇರಿದ ಕಂಪನಿಗಳಲ್ಲಿ ಶಹಾಬಾದಿನದೂ ಒಂದು. ಅದೇ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಗಾಣದಲ್ಲಿ ಅರೆದರೆ ಗಚ್ಚು. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತ ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ.

ಗಚ್ಚಿನ ಕೈ ಬಲ್ಲ ಗೌಂಡಿಗಳು ಈಗ ವಿರಳ. ಸಿಕ್ಕ ಹಿರಿಯ ಗೌಂಡಿಯೊಬ್ಬರು ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಹಾಕಿ ಗಚ್ಚು ಹದ ಮಾಡಿದರು. ಬೆಲ್ಲ ಗಚ್ಚನ್ನು ಕೆಲಸಕ್ಕೆ ಮೆತ್ತಗಾಗಿಸುತ್ತದೆ, ಗಟ್ಟಿಯಾಗುವ ವೇಗವನ್ನು ಹಿಡಿತದಲ್ಲಿಡುತ್ತದೆ. ಮಾಳಿಗೆಯಲ್ಲಿ ಕೆಲಸ ಇನ್ನೂ ಹೆಚ್ಚಿತ್ತು. ಪ್ರತಿ ಮುಂಗಾರಿಗೆ ಮುಂಚೆ ಸೋರದಂತೆ ಸವಳು ಮಣ್ಣು ಹಾಕುವುದು ನಮ್ಮ ಕಡೆಯ ಪದ್ಧತಿ. ಸೋಡಿಯಂ ಹೆಚ್ಚಿರುವ ಆ ಮಣ್ಣು ನೆನೆದಾಗ ನುಣ್ಣಗೆ ಹರಡಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಹಳೆಯದನ್ನು ತೆಗೆಯದೆ ವರ್ಷ ವರ್ಷವೂ ಹೊಸದು ಸುರಿದು ನಮ್ಮ ಮಾಳಿಗೆ ಮೊಳದಷ್ಟು ದಪ್ಪವಾಗಿತ್ತು. ಎರಡು ಜಂತಿಗಳು ಬಾಗಿದ್ದು ಹುಳ ತಿಂದಲ್ಲ, ಆ ಭಾರಕ್ಕೆ. ಮಣ್ಣಿಳಿಸಿ, ಜಂತಿ ಬದಲಿಸಿ, ತೆಳ್ಳಗೆ ಹೊಸ ಪದರ ಹಾಕಿದ ಮೇಲೆ ಮಾಳಿಗೆ ಸರಿಯಾಯಿತು.

ಚಕ್ಕುಬಂದಿಯ ಸುದ್ದಿ ಕೇಳಿ ನಕ್ಕವರು ಅಪ್ಪನ ಅಕ್ಕ, ನಮ್ಮ ಹಿರಿಯತ್ತೆ. “ಯವ್ವಾ, ಬಾಗಿಲಾ ಮೂಡಲಕ್ಕೇ ಇತ್ತು. ನಾ ಲಗ್ನ ಆಗಿ ಹೋಗಾಗ ಅದರಿಂದೇ ಹೊರಬಿದ್ದೀನಿ. ರಸ್ತಾ ದೊಡ್ಡದು ಮಾಡಿದ ಮ್ಯಾಲ ನಿಮ್ಮಪ್ಪ ಈ ಕಡಿ ಒಡದು ಆ ಕಡಿ ಮುಚ್ಚಿಸಿದ.” ವಕೀಲರಿಗೆ ಅತ್ತೆಯ ನೆನಪು ಸಾಕಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಎಲ್ಲಿ ಹುಡುಕಬೇಕೆಂದು ಅದು ಹೇಳಿತು. ಮೂಡಲ ಗೋಡೆಯ ಗಿಲಾವನ್ನು ಮೊದಲು ಕೆಡವಿಸಿದೆವು. ಪಡಸಾಲೆಯ ನೇರಕ್ಕೆ, ಆಳೆತ್ತರದಲ್ಲಿ, ಉದ್ದನೆಯ ಅಖಂಡ ಕಲ್ಲೊಂದು ಅಡ್ಡಲಾಗಿ ಕೂತಿತ್ತು. ಅದರ ಕೆಳಗೆ ಎರಡೂ ಬದಿಗೆ ನಿಲುವುಗಲ್ಲು, ಕದದ ಕೀಲು ತಿರುಗುತ್ತಿದ್ದ ಕುಳಿ, ಕಾಲು ಸವೆಸಿದ ಹೊಸ್ತಿಲು. ಬಾಗಿಲಿನ ಕಂಡಿಯೊಳಗೆ ತುಂಬಿದ್ದ ಕಲ್ಲು ಚಿಕ್ಕದು, ಅಳತೆಯಿಲ್ಲದ್ದು. ಗೌಂಡಿ ಸಂದಿಯಲ್ಲಿ ಮೊಳೆಯಾಡಿಸಿ ತೋರಿಸಿದರು. ಸುತ್ತಲಿನ ಗೋಡೆಯ ಸಂದಿಯಲ್ಲಿ ಬಿಳಿ ಗಚ್ಚು, ಕಂಡಿ ಮುಚ್ಚಿದ ಸಂದಿಯಲ್ಲಿ ಬೂದು ಸಿಮೆಂಟು. ಗೋಡೆ ಮೊದಲು, ಮುಚ್ಚಿದ್ದು ಆಮೇಲೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೈನಾಮಾದಲ್ಲಿ ಹೇಳಿದ್ದ ಬಾಗಿಲು ಅದೇ ಜಾಗದಲ್ಲಿತ್ತು, ಗಿಲಾವಿನ ಅಡಿಯಲ್ಲಿ.

ಗಲ್ಲಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ನಮ್ಮ ಕಾಗದದಲ್ಲಿ ಸಿಗುವಂಥದ್ದಲ್ಲ, ನೆರೆಯವರ ಕಾಗದದಲ್ಲಿ ಸಿಗುವಂಥದ್ದು. ಒಂದು ಮನೆಯ ಚಕ್ಕುಬಂದಿ ಎಂದರೆ ನಾಲ್ಕು ಮನೆಗಳ ಸಾಕ್ಷಿ. ಸ್ವಂತ ಪತ್ರ ಕಳೆದವರೂ ಪಕ್ಕದವರ ಪತ್ರದಲ್ಲಿ ತಮ್ಮ ಹಿರಿಯರನ್ನು ಕಾಣಬಹುದು. ಕೊಟ್ಟಿಗೆಯ ಮನೆಯವರು ದೊಡ್ಡ ಮನಸ್ಸಿನಿಂದ ತಮ್ಮ ಖರೀದಿ ಪತ್ರ ತೆಗೆದುಕೊಟ್ಟರು. ಅದರ ಪಡುವಲ ಚಕ್ಕುಬಂದಿಯಲ್ಲಿ ‘ಗಲ್ಲಿ, ಗಲ್ಲಿಯಾಚೆ’ ಎಂದು ಬರೆದು ಅಜ್ಜನ ಹೆಸರಿತ್ತು. ಅವರ ಕೊಟ್ಟಿಗೆ ಬಳಕೆ ತಪ್ಪಿದ ಗಲ್ಲಿಯ ಮೇಲೂ ಚಾಚಿಕೊಂಡಿತ್ತು. ಅದನ್ನು ನಾವು ಜಗಳಕ್ಕೆ ಎಳೆಯಲಿಲ್ಲ. ನಾಡಕಚೇರಿ ಮೂಲಕ ಮೋಜಿಣಿಗೆ ಅರ್ಜಿ ಹಾಕಿ, ಭೂಮಾಪಕರಿಂದ ನಕ್ಷೆ ಪಡೆದು, ಮಾರಾಟದ ಕರಡಿನಲ್ಲಿ ಹಳೆಯ ಚಕ್ಕುಬಂದಿಯನ್ನೂ ಈಗಿನದನ್ನೂ ಒಂದರ ಪಕ್ಕ ಒಂದು ಬರೆಸಿ, ಎರಡೂ ಒಂದೇ ಮನೆಯವು ಎಂಬುದಕ್ಕೆ ಮುಚ್ಚಿದ ಬಾಗಿಲಿನ ಫೋಟೋ ಲಗತ್ತಿಸಿದೆವು. ವಕೀಲರು ಒಪ್ಪಿದರು.

ಕಾಗದ ಸಿಕ್ಕಿದ್ದರಿಂದ ಇನ್ನೊಂದು ಲೆಕ್ಕವೂ ಬದಲಾಯಿತು. ಮನೆ ಅಜ್ಜನ ಸ್ವಯಾರ್ಜಿತ ಎಂದು ಬೈನಾಮಾ ಸಾಬೀತು ಮಾಡಿತು. ಅಜ್ಜ ವಿಲ್ ಬರೆಯದೆ ತೀರಿಕೊಂಡದ್ದು 1960ರ ದಶಕದಲ್ಲಿ, ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ. ಆ 1956ರ ಕಾಯಿದೆಯಲ್ಲಿಯೇ ತಂದೆಯ ಸ್ವಯಾರ್ಜಿತಕ್ಕೆ ಮಗಳು ಮಗನಷ್ಟೇ ಹಕ್ಕುದಾರಳು. ಇದಕ್ಕೆ 2005ರ ತಿದ್ದುಪಡಿ ಬೇಕಿಲ್ಲ, ಅದು ಬಂದದ್ದು ಅವಿಭಕ್ತ ಕುಟುಂಬದ ಆಸ್ತಿಯ ವಿಚಾರಕ್ಕೆ. ಅಪ್ಪನೊಬ್ಬನ ಹೆಸರು ಪಂಚಾಯ್ತಿಯಲ್ಲಿ ಏರಿದ ಮಾತ್ರಕ್ಕೆ ಅತ್ತೆಯಂದಿರ ಪಾಲು ಹೋಗಿರಲಿಲ್ಲ. ಹಿರಿಯತ್ತೆಯೂ ತೀರಿಹೋದ ಕಿರಿಯತ್ತೆಯ ಮಕ್ಕಳೂ ಮಾರುವವರ ಸಾಲಿನಲ್ಲಿ ಸೇರಿದರು, ತಮ್ಮ ಪಾಲಿನ ಹಣವನ್ನೂ ಪಡೆದರು.

ಮಾರಾಟದ ಲಾಭದ ಮೇಲಿನ ತೆರಿಗೆಗೂ ದಾಖಲೆ ಬೇಕಾಯಿತು. ಇಷ್ಟು ಹಳೆಯ ಮನೆಗೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯಬಹುದು. ಆದರೆ ಅದು ಅಂದಿನ ನೋಂದಣಿ ಮೌಲ್ಯವನ್ನು ಮೀರುವಂತಿಲ್ಲ. 2024ರ ಜುಲೈ 23ರಂದು ಅಥವಾ ಆ ನಂತರ ನಡೆದ ಮಾರಾಟಕ್ಕೆ, ಅದಕ್ಕೂ ಮುಂಚೆ ಬಂದ ಆಸ್ತಿಯಾದರೆ, ದೇಶದಲ್ಲಿ ನೆಲೆಸಿದ ವ್ಯಕ್ತಿಗಳು ಹಣದುಬ್ಬರದ ಸೂಚ್ಯಂಕವಿಲ್ಲದೆ ಶೇ 12.5 ಅಥವಾ ಸೂಚ್ಯಂಕದೊಂದಿಗೆ ಶೇ 20, ಯಾವುದು ಕಡಿಮೆಯೋ ಅಷ್ಟು ತೆರಿಗೆ ಕಟ್ಟಿದರೆ ಸಾಕು. ಸುಣ್ಣ ಬಳಿದ ಖರ್ಚು ಕಳೆಯಲು ಬರುವುದಿಲ್ಲ. ಮನೆಯನ್ನು ಬಾಳಿಕೆಗೆ ತಂದ ದೊಡ್ಡ ಕೆಲಸದ ಖರ್ಚು ಕಳೆಯಬಹುದು, ರಸೀದಿ ಇದ್ದರೆ.

ಕೊಳ್ಳಲು ಬಂದವರಲ್ಲಿ ಕೆಲವರಿಗೆ ಬೇಕಿದ್ದದ್ದು ಮನೆಯಲ್ಲ, ಪರ್ಸಿ ಮತ್ತು ಸಾಗವಾನಿ. ಹಳೇ ಕಲ್ಲು ಬಿಚ್ಚಿ ಮಾರುವುದು ನಮ್ಮ ಕಡೆ ನಡೆಯುವ ವ್ಯಾಪಾರವೇ. ಮನೆ ಕೆಡವಬಾರದು ಎಂಬ ಷರತ್ತನ್ನು ಪತ್ರದಲ್ಲಿ ಬರೆಸೋಣವೇ ಎಂದು ತಮ್ಮ ಕೇಳಿದ. ಬರೆಸಿದರೂ ನಿಲ್ಲುವುದಿಲ್ಲ. ಪೂರ್ತಿ ಮಾರಿದ ಮೇಲೆ ಕೊಂಡವರು ಹೇಗೆ ಅನುಭೋಗಿಸಬೇಕೆಂದು ಹಾಕುವ ಷರತ್ತು ಆಸ್ತಿ ವರ್ಗಾವಣೆ ಕಾಯಿದೆಯ 11ನೇ ಕಲಮಿನಡಿ ನಡೆಯದು, ಮಾರಿದವರು ಪಕ್ಕದ ತಮ್ಮದೇ ಆಸ್ತಿಯ ಹಿತಕ್ಕೆ ಹಾಕಿದ್ದಾದರೆ ಮಾತು ಬೇರೆ. ನಮ್ಮ ಕೈಯಲ್ಲಿದ್ದದ್ದು ಯಾರಿಗೆ ಮಾರಬೇಕೆಂಬುದಷ್ಟೇ. ವಾಸಕ್ಕೆ ಬರುವವರಿಗೇ, ಸ್ವಲ್ಪ ಕಡಿಮೆ ಬೆಲೆಗೆ ಕೊಟ್ಟೆವು. ಜೊತೆಗೆ ಎರಡೂ ಪತ್ರಗಳು, ಅನುವಾದ, ನಕ್ಷೆ, ಗಚ್ಚಿನ ಅಳತೆ, ಮಾಳಿಗೆಗೆ ಮಣ್ಣು ಹಾಕುವ ಕ್ರಮ ಇವೆಲ್ಲವನ್ನೂ ಒಂದು ಕಡತ ಮಾಡಿ ಒಪ್ಪಿಸಿದೆವು.

ಕಲಬುರಗಿ, ರಾಯಚೂರು, ಬೀದರಿನ ಸೀಮೆ 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿತು. ಅದಕ್ಕೂ ಹಿಂದಿನ ಹಕ್ಕಿನ ಕಾಗದಗಳು ಸಾವಿರಾರು ಮನೆಗಳ ಟ್ರಂಕುಗಳಲ್ಲಿ ಇನ್ನೂ ಉರ್ದುವಿನಲ್ಲೇ ಇವೆ. ಅವನ್ನು ಓದಬಲ್ಲ ಮಾಸ್ತರುಗಳು ಎಂಬತ್ತರ ಅಂಚಿನಲ್ಲಿದ್ದಾರೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಕಾಗದ ಇದ್ದರೆ ಮಾರುವ ದಿನಕ್ಕಾಗಿ ಕಾಯಬೇಡಿ. ಹಿರಿಯರು ಇರುವಾಗಲೇ ಓದಿಸಿ, ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಅವರ ಜೊತೆ ಮನೆಯ ಸುತ್ತ ಒಮ್ಮೆ ನಡೆಯಿರಿ. ಗೋಡೆಗೆ ಸಿಮೆಂಟು ಬಳಿಸುವ ಮುಂಚೆ ಅದರ ನಾಲ್ಕು ಫೋಟೋ ತೆಗೆದಿಡಿ. ಸ್ಕ್ಯಾನ್ ಮಾಡಿದ ಒಂದು ಪ್ರತಿ ಅಣ್ಣತಮ್ಮಂದಿರ ಬಳಿ ಇರಲಿ, ಇನ್ನೊಂದು ಅಕ್ಕತಂಗಿಯರ ಬಳಿಯೂ ಇರಲಿ. ಹಕ್ಕು ಅವರದೂ ಇದೆ.